ಐದು ಕಿಲೋಮೀಟರ್ ನನಗೆ ಸಾಕು

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡುತ್ತಾ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲಿ ಕಳಿಸುತ್ತಿದ್ದೇನೆ. ಹಿಂದೆ ಕೇಳಿಸುವ ಗರಗರ ಸದ್ದು ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವುದರದ್ದು, ಸಹಿಸಿಕೊಳ್ಳಿ.

ಭಾನುವಾರ ಐದು ಕಿಲೋಮೀಟರ್ ಓಡಿ ಬಂದು ನಾನು ಇಲ್ಲಿ ಹಾಕಿದ ಮೆಡಲಿನ ಫೋಟೋಗೆ ಎರಡು ಉತ್ತರ ಬಂದಿವೆ. ಡಲ್ಲಾಸ್‌ನಿಂದ ಸೋದರಳಿಯ ಕೇಳಿದ್ದಾನೆ: “ಅತ್ತೆ, ಐದು ಕಿಲೋಮೀಟರ್ ಆಯಿತಲ್ಲ, ಹಾಫ್ ಮ್ಯಾರಥಾನ್ ಯಾವಾಗ?” ಅದರ ಕೆಳಗೇ ಅವನ ಅಪ್ಪ, ಅಂದರೆ ನನ್ನ ತಮ್ಮ: “ಅಕ್ಕ, ಅರವತ್ತಮೂರಕ್ಕೆ ಇದೆಲ್ಲ ಏಕೆ? ಮಂಡಿ ಸವೆದರೆ ಯಾರು ನೋಡುತ್ತಾರೆ?” ಮಗನಿಗೆ ಕಡಿಮೆಯಾಯಿತು, ಅಪ್ಪನಿಗೆ ಹೆಚ್ಚಾಯಿತು. ಒಂದೇ ಮನೆಯಲ್ಲಿ ಬೆಳೆದವರು ನೀವು!

ಮೊದಲು ಮಂಡಿಯ ವಿಚಾರ ಮುಗಿಸುತ್ತೇನೆ. ನಾನೂ ಹೆದರಿದ್ದೆ, ಅದಕ್ಕೇ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಕೇಳಿದೆ. ಆಕೆ ಹೇಳಿದ ಲೆಕ್ಕ 2017ರಲ್ಲಿ ಪ್ರಕಟವಾದದ್ದು, ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದದ್ದು. ಸಂತೋಷಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಕಂಡದ್ದು ನೂರಕ್ಕೆ ಸುಮಾರು 3.5 ಜನರಲ್ಲಿ, ಓಡದೆ ಕುಳಿತೇ ಇರುವವರಲ್ಲಿ ಸುಮಾರು 10 ಜನರಲ್ಲಿ. ಸ್ಪರ್ಧೆಯನ್ನೇ ಕಸುಬು ಮಾಡಿಕೊಂಡವರಲ್ಲಿ 13 ದಾಟಿತ್ತು. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಅಂಕಿ ನೋಡಿದವಳು ನಾನು, ಇದನ್ನು ಹಾಗೆಯೇ ನುಂಗುವುದಿಲ್ಲ. ಮಂಡಿ ಗಟ್ಟಿಯಿರುವವರೇ ಓಡಲು ಹೋಗುತ್ತಾರೆ, ನೋವಿರುವವರು ಮೊದಲೇ ಬಿಟ್ಟುಬಿಡುತ್ತಾರೆ, ಆ ಕಾರಣಕ್ಕೂ ಓಟಗಾರರ ಅಂಕಿ ಚಿಕ್ಕದಾಗಿ ಕಂಡೀತು. ಆದರೂ ಸೋಫಾ ಮಂಡಿಯನ್ನು ಕಾಪಾಡುತ್ತದೆ ಎಂಬ ನಿನ್ನ ವಾದಕ್ಕೆ ಅದರಲ್ಲಿ ಯಾವ ಆಧಾರವೂ ಇಲ್ಲ, ತಮ್ಮಾ.

ಇನ್ನು ಹಾಫ್ ಮ್ಯಾರಥಾನ್. ಅದು 21 ಕಿಲೋಮೀಟರ್ ಚಿಲ್ಲರೆ. ನನ್ನ ವೇಗಕ್ಕೆ ಮೂರು ಗಂಟೆ, ಬಿಸಿಲೇರಿದ ಮೇಲೆ ಇನ್ನೂ ಹೆಚ್ಚು. ಅದಕ್ಕೆ ತಿಂಗಳುಗಟ್ಟಲೆ ತಯಾರಿ, ಭಾನುವಾರಗಳೆಲ್ಲ ಅದಕ್ಕೇ ಮುಡಿಪು. ಓಡಿ ಬಂದ ದಿನ ಮಂಚ ಬಿಟ್ಟು ಏಳಲಾಗದು. ಐದು ಕಿಲೋಮೀಟರ್ ಓಡಿದ ದಿನ ನಾನು ಎಂಟೂವರೆಗೆ ಮನೆಯಲ್ಲಿರುತ್ತೇನೆ, ಸ್ನಾನ ಮಾಡಿ ಅಕ್ಕಿ ರೊಟ್ಟಿ ತಟ್ಟುತ್ತೇನೆ, ಮಧ್ಯಾಹ್ನ ಮದುವೆಮನೆಗೂ ಹೋಗಿ ಬರುತ್ತೇನೆ. ಐದು ಎಂದರೆ ಇಪ್ಪತ್ತೊಂದರ ಮೊದಲ ಮೆಟ್ಟಿಲು ಎಂದು ಎಲ್ಲರೂ ಏಕೆ ಭಾವಿಸುತ್ತೀರೋ ತಿಳಿಯದು. ಕೋಸಂಬರಿ ತಿಂದು ತೃಪ್ತಿಯಾದವಳನ್ನು “ಊಟ ಯಾವಾಗ” ಎಂದು ಕೇಳಿದ ಹಾಗಿದೆ.

ಚಿಕ್ಕ ಓಟ ಸುಲಭದ್ದು ಎಂದುಕೊಳ್ಳಬೇಡಿ. ಮೊದಲ ಸಲ ನಾನು ಹೋದದ್ದು ಕಬ್ಬನ್ ಪಾರ್ಕ್ ಕಡೆ ನಡೆದ ಒಂದು ಸಣ್ಣ ಓಟಕ್ಕೆ. ಸುತ್ತ ಕಾಲೇಜು ಹುಡುಗರು, ಜೋರು ಹಾಡು. ಪೀಪಿ ಊದಿದ ಕೂಡಲೇ ಅವರ ಜೊತೆ ನುಗ್ಗಿಬಿಟ್ಟೆ. ಮೊದಲ ಕಿಲೋಮೀಟರ್ ಆರೂವರೆ ನಿಮಿಷ! ಎರಡನೆಯದು ಮುಗಿಯುವ ಮೊದಲೇ ಬಲಪಕ್ಕೆ ಹಿಡಿದುಕೊಂಡು, ಒಂದು ಮರಕ್ಕೆ ಕೈಕೊಟ್ಟು ನಿಂತೆ. ನಾಯಿಯನ್ನು ಅಡ್ಡಾಡಿಸುತ್ತಿದ್ದ ಹಿರಿಯರೊಬ್ಬರು “ಆಟೋ ಕರೆಯಲೇನಮ್ಮಾ?” ಎಂದರು. ಆ ಮರುಕ ನನಗೆ ಪಕ್ಕೆ ನೋವಿಗಿಂತ ಹೆಚ್ಚು ಚುಚ್ಚಿತು. ನಡೆಯುತ್ತಾ ಓಡುತ್ತಾ 47 ನಿಮಿಷಕ್ಕೆ ಮುಗಿಸಿದೆ.

ಆಮೇಲೆ ಬುದ್ಧಿ ಬಂತು. ಈಗ ಲಾಲ್‌ಬಾಗಿನ ಪಶ್ಚಿಮ ಗೇಟಿನಿಂದ ಒಳಗೆ ಹೋಗಿ, ಮೊದಲ ಹತ್ತು ನಿಮಿಷ ಬರೀ ನಡಿಗೆ. ಅಮೆರಿಕದ ಜೆಫ್ ಗ್ಯಾಲೋವೇ ಎಂಬವರು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು, ಓಟದ ನಡುನಡುವೆ ದಣಿಯುವ ಮೊದಲೇ ನಡೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ನನ್ನದು ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಉಸಿರು ಅಳೆಯಲು ಕೈಗಡಿಯಾರ ಬೇಡ, ಹದಿಮೂರರ ಮಗ್ಗಿ ಸಾಕು. ಓಡುತ್ತಲೇ ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು ಎಂದು ಹೇಳಿಕೊಳ್ಳುತ್ತೇನೆ. ಎರಡೆರಡು ಸಾಲು ಒಂದುಸಿರಿಗೆ ಬಂದರೆ ವೇಗ ಸರಿಯಾಗಿದೆ ಎಂದರ್ಥ. ಹದಿಮೂರು ಏಳ್ಲೆಯಲ್ಲಿ “ತೊಂಬತ್ತ…” ಎಂದು ತುಂಡಾದರೆ ನಿಧಾನಿಸಬೇಕು. ಬಂಡೆಯ ಹತ್ತಿರ ನಗೆ ಕೂಟದವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಕೈ ಮೇಲೆತ್ತಿ ಹಾ ಹಾ ಎನ್ನುವವರು ಮಗ್ಗಿ ಹೇಳುವವಳನ್ನು ವಿಚಿತ್ರ ಎನ್ನುವುದು ನ್ಯಾಯವೇ?

ವಾರಕ್ಕೊಂದು ದಿನ ನೂರು ಹೆಜ್ಜೆಯಷ್ಟು ದೂರ ಜೋರಾಗಿ ಓಡಿ ನಿಲ್ಲುತ್ತೇನೆ, ಹೀಗೆ ನಾಲ್ಕೈದು ಬಾರಿ. ವಯಸ್ಸಾದಂತೆ ಹೆಚ್ಚು ಕುಗ್ಗುವುದು ಥಟ್ಟನೆ ಕೆಲಸ ಮಾಡುವ ಸ್ನಾಯುವಿನ ಎಳೆಗಳಂತೆ. ಬಚ್ಚಲುಮನೆಯ ಹೊಸ್ತಿಲಲ್ಲಿ ಎಡವಿದಾಗ ಸಟಕ್ಕನೆ ಇನ್ನೊಂದು ಕಾಲು ಮುಂದಿಡುವ ಕೆಲಸ ಅವುಗಳದ್ದೇ. ಹೋದ ವರ್ಷ ಅತ್ತಿಗೆ ಬಿದ್ದದ್ದು ನೆನಪಿದೆಯಲ್ಲ, ಹೆಚ್ಚು ಹೇಳುವುದಿಲ್ಲ.

ಭಾನುವಾರದ ಓಟ ಹೇಗಿತ್ತು ಎಂದು ಮಾತ್ರ ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಮೂರನೆಯ ಕಿಲೋಮೀಟರ್ ಯಾವಾಗಲೂ ಬೇಸರದ್ದು, ಗುಂಪು ಚದುರಿರುತ್ತದೆ, ನೋಡುವವರೂ ಇರುವುದಿಲ್ಲ. ನಾಲ್ಕರ ಫಲಕದ ಬಳಿ ನೇರಳೆ ಅಂಗಿ ತೊಟ್ಟ ಒಬ್ಬಾಕೆ, ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬೇಕು, ಸದ್ದಿಲ್ಲದೆ ನನ್ನನ್ನು ದಾಟಿ ಹೋದರು. ಜಡೆ ಗಂಟು ಹಾಕಿದ್ದರು, ಅದರಲ್ಲಿ ಮಲ್ಲಿಗೆ ಬೇರೆ. ಆ ಮಲ್ಲಿಗೆಯ ಮೇಲೆ ಕಣ್ಣಿಟ್ಟೇ ಉಳಿದ ದೂರ ಓಡಿದೆ. ಕೊನೆಯ ಮುನ್ನೂರು ಮೀಟರಿನಲ್ಲಿ ಮಗ್ಗಿ ಹಾಳಾಗಲಿ ಎಂದು ಬಿಟ್ಟುಬಿಟ್ಟೆ. ಆದರೂ ಅವರನ್ನು ಹಿಡಿಯಲಾಗಲಿಲ್ಲ. ನೆಲಕ್ಕೆ ಹಾಸಿದ ಮ್ಯಾಟ್ ದಾಟುವಾಗ, ಸಮಯ ದಾಖಲಿಸುವ ಅವರ ಚಿಪ್‌ಗೆ ಅದು ‘ಟೀಂ’ ಎಂದಿತು, ನನ್ನದಕ್ಕೆ ಎರಡು ಉಸಿರಿನ ನಂತರ. 41 ನಿಮಿಷ 20 ಸೆಕೆಂಡು. ಅವರು ತಿರುಗಿ, “ಹಿಂದೆ ನಿಮ್ಮ ಶೂ ಸದ್ದು ಕೇಳಿಯೇ ಓಡಿದೆ ಕಣ್ರೀ” ಎಂದು ನಕ್ಕರು. ಬಾಳೆಹಣ್ಣು ತಿನ್ನುತ್ತಾ ಇಬ್ಬರೂ ಮಕ್ಕಳ ಫೋನಿನ ವಿಚಾರ ಮಾತಾಡಿದೆವು. ಅವರ ಹೆಸರು ಕೇಳಲು ಮರೆತೆ.

ಫೌಜಾ ಸಿಂಗ್ ಅವರ ವಿಡಿಯೋ ಕಳಿಸಿದವರಿಗೆ ಧನ್ಯವಾದ, ನೂರರ ವಯಸ್ಸಿನಲ್ಲಿ ಟೊರಾಂಟೊ ಮ್ಯಾರಥಾನ್ ಮುಗಿಸಿದವರು ಎಂಬುದು ಗೊತ್ತಿದೆ. ನನ್ನ ಆದರ್ಶ ಮಾತ್ರ ಮಾನ್ ಕೌರ್. ತೊಂಬತ್ತಮೂರಕ್ಕೆ ಓಟ ಶುರು ಮಾಡಿ, 2017ರಲ್ಲಿ ಆಕ್ಲೆಂಡ್‌ನ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ, 101ರ ವಯಸ್ಸಿನಲ್ಲಿ, ನೂರು ಮೀಟರನ್ನು 74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಆ ವಯೋಗುಂಪಿನಲ್ಲಿ ಇದ್ದವರು ಅವರೊಬ್ಬರೇ. ನೂರೇ ಮೀಟರ್! ಅವರನ್ನು ಯಾರಾದರೂ “ಅಜ್ಜಿ, ಹಾಫ್ ಮ್ಯಾರಥಾನ್ ಯಾವಾಗ” ಎಂದು ಕೇಳಿದರೇ?

ಬೆಂಗಳೂರಿನಲ್ಲಿ ವರ್ಲ್ಡ್ 10ಕೆ, ಅಂದರೆ ಹತ್ತು ಕಿಲೋಮೀಟರಿನ ಓಟ ನಡೆಯುವ ದಿನ, ಬರೀ ಖುಷಿಗೆ ಓಡುವ ಐದೂವರೆ ಕಿಲೋಮೀಟರಿನ ಮಜ್ಜಾ ರನ್ ಕೂಡ ಇರುತ್ತದೆ. ಬೇಸಿಗೆ ರಜೆಗೆ ಬರುವುದಾದರೆ, ಅಳಿಯಾ, ನಿನ್ನ ಹೆಸರನ್ನೂ ಸೇರಿಸುತ್ತೇನೆ, ನಿನ್ನ ಅಪ್ಪನನ್ನೂ ಎಬ್ಬಿಸಿಕೊಂಡು ಬಾ. ಅತ್ತಿಗೆ, ಗೃಹಪ್ರವೇಶದ ದಿನ ಸೆರಗಿಗೆಂದು ನನ್ನ ಪರ್ಸಿನಿಂದ ತೆಗೆದುಕೊಂಡ ಪಿನ್ನುಗಳ ಪೊಟ್ಟಣ ಇನ್ನೂ ಬಂದಿಲ್ಲ. ಎದೆಯ ಮೇಲಿನ ನಂಬರಿಗೆ ನಾಲ್ಕು ಬೇಕು. ಮೊನ್ನೆ ಎರಡೇ ಇದ್ದವು, ದಾರಿಯುದ್ದಕ್ಕೂ ಅದು ಗಾಳಿಪಟದಂತೆ ಪಟಪಟ ಎನ್ನುತ್ತಿತ್ತು. ಬರುವ ಶನಿವಾರದೊಳಗೆ ಯಾರ ಕೈಯಲ್ಲಾದರೂ ಕಳಿಸಿಕೊಡಿ.