ಹೆರಿಗೆ ಕೋಣೆಯ ‘ಮುಕ್ಕು’: ಬದಲಿ ಪದ ಬೇಕೆ?

ಹೆರಿಗೆ ಮಾಡಿಸುವ ಶುಶ್ರೂಷಕಿಯರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವಾಗ ಎದ್ದ ಪ್ರಶ್ನೆ ಇದು. ಮಗು ಹೊರಬರಲು ಕೆಳಕ್ಕೆ ಬಲ ಹಾಕು ಎಂದು ಹೆರುವವಳಿಗೆ ಹೇಳಲು ಮಂಡ್ಯ, ಮೈಸೂರು ಕಡೆ ‘ಮುಕ್ಕು’ ಅನ್ನುತ್ತೇವೆ. ‘ಗಬಗಬ ಮುಕ್ಕಿದ’, ‘ಮಣ್ಣು ಮುಕ್ಕಿದ’ ಎಂಬಲ್ಲಿನ ಒರಟುತನ ಇದಕ್ಕೂ ಅಂಟಿದೆ, ಗೌರವದ ಆರೈಕೆಗೆ ಒಪ್ಪುವುದಿಲ್ಲ ಎಂಬುದು ಆಕ್ಷೇಪ.

ಬದಲಿಗೆ ಸೂಚಿಸಿರುವ ‘ತಳ್ಳಿ’ ಇಂಗ್ಲಿಷಿನ ‘ಪುಶ್’ ಪದದ ನೆರಳು. ತಳ್ಳುವುದು ಕೈಯ ಕೆಲಸ. ಬೇನೆ ತಿನ್ನುತ್ತಿರುವವಳಿಗೆ ಹಾಗೆಂದರೆ ಮಂಚದ ಕಂಬಿ ತಳ್ಳುತ್ತಾಳೆ, ಬಲ ಕೆಳಕ್ಕೆ ಇಳಿಯುವುದಿಲ್ಲ. ‘ತಿಣುಕಿ’ ಅರ್ಥವಾಗುತ್ತದೆ, ಆದರೆ ಮಲ ಬಂದೀತೆಂಬ ನಾಚಿಕೆಗೆ ಬಿಗಿಹಿಡಿಯುವವರೇ ಹೆಚ್ಚು, ಈ ಪದ ಅದನ್ನೇ ನೆನಪಿಸುತ್ತದೆ.

ನನ್ನ ಮಟ್ಟಿಗೆ ‘ಮುಕ್ಕು’ ಉಳಿಯಬೇಕು. ಅಗೌರವ ಇರುವುದು ಧಾತುವಿನಲ್ಲಲ್ಲ. ‘ಮುಕ್ಕವ್ವ, ಇನ್ನೊಸಿ’ ಏಕವಚನವಾದರೂ ಅಕ್ಕರೆಯದು. ಗದರಿ ಹೇಳಿದ ‘ಮುಕ್ರೀ’ ಬಹುವಚನವಾದರೂ ಅವಮಾನ. ಹೊತ್ತಲ್ಲದ ಹೊತ್ತಿನಲ್ಲಿ ಹೇಳುವುದಂತೂ ಅಪಾಯ: ಗರ್ಭದ ಬಾಯಿ ಪೂರ್ತಿ, ಅಂದರೆ 10 ಸೆಂ.ಮೀ. ತೆರೆಯುವ ಮೊದಲೇ ಮುಕ್ಕಿಸಿದರೆ ಬಾಯಿ ಊದಿಕೊಳ್ಳಬಹುದು, ತಾಯಿ ಸುಸ್ತಾಗುತ್ತಾಳೆ. ತೆರೆದ ಮೇಲೂ ಅವಳಿಗೆ ಒತ್ತಡ ಬಂದಾಗ ಮುಕ್ಕಲಿ, ಬೇನೆ ಇಳಿದಾಗ ಸುಧಾರಿಸಿಕೊಳ್ಳಲಿ. ಚೊಚ್ಚಲಿಗೆ ಈ ಹಂತ 3 ಗಂಟೆಯವರೆಗೂ ಹಿಡಿಯಬಹುದು.

ನಿಜವಾಗಿ ಬಿಡಬೇಕಾದದ್ದು ಒಳಗೆ ಪರೀಕ್ಷಿಸುವ ಮುನ್ನ ಹೇಳುವ ‘ಕೈ ಹಾಕ್ತೀನಿ’. ಆ ಮಾತಿನಲ್ಲಿ ಮೇಲೆ ಬೀಳುವ ಅರ್ಥವೂ ಇದೆ. ‘ಎರಡು ಬೆರಳಿಟ್ಟು ಬಾಯಿ ಎಷ್ಟು ತೆರೆದಿದೆ ನೋಡ್ತೀನಿ, ಆಗ್ಬೋದಾ?’ ಎಂದು ಕೇಳಿ, ಅವಳು ಹೂಂ ಅಂದ ಮೇಲೆ, ಬೇನೆಯ ಬಿಡುವಿನಲ್ಲಿ ನೋಡಬೇಕು. ಎಲ್ಲ ಸರಿಯಿದ್ದರೆ 4 ಗಂಟೆಗೊಮ್ಮೆ ಸಾಕು.

ಈಗ ತೊಡಕಿನ ಜಾಗ. ಮಗುವಿನ ನೆತ್ತಿ ಹೊರಕಾಣಿಸಿ ಒಳಸರಿಯದೆ ನಿಂತಾಗ ಮುಕ್ಕುವುದನ್ನು ನಿಲ್ಲಿಸಬೇಕು. ತಲೆ ನಿಧಾನವಾಗಿ ಬಂದರೆ ಯೋನಿದ್ವಾರ ಹರಿಯುವುದು ಕಡಿಮೆ. ಆದರೆ ಕನ್ನಡದಲ್ಲಿ ನಿಷೇಧ ಬರುವುದು ಕೊನೆಗೆ. ‘ಮುಕ್ಕಬೇಡಿ’ ಎಂದರೆ ದಣಿದ ಕಿವಿಗೆ ‘ಮುಕ್ಕ’ ತಲುಪುತ್ತದೆ, ‘ಬೇಡಿ’ ಬರುವಷ್ಟರಲ್ಲಿ ಅವಳು ಮುಕ್ಕಿರುತ್ತಾಳೆ. ‘ತಡ್ಕೊಳ್ಳಿ’ ಎಂದರೆ ಉಸಿರು ಕಟ್ಟುತ್ತಾಳೆ, ಅದೂ ಮುಕ್ಕಿದಂತೆಯೇ. ಸದ್ಯಕ್ಕೆ ‘ಒಲೆ ಊದಿದ ಹಾಗೆ ಊದಿ’ ಎಂದು ಬರೆದಿದೆ: ಬಾಯಿ ತೆರೆದು ಊದುತ್ತಿರುವಾಗ ಉಸಿರು ಕಟ್ಟಿ ಮುಕ್ಕಲಾಗದು. ಗ್ಯಾಸ್ ಒಲೆಯಲ್ಲೇ ಬೆಳೆದ ಹುಡುಗಿಯರಿಗೆ ಊದುಗೊಳವಿ ಗೊತ್ತಿಲ್ಲ ಎಂಬುದಷ್ಟೇ ಅಡ್ಡಿ.

ಮಳವಳ್ಳಿ, ನಾಗಮಂಗಲ, ಹುಣಸೂರು, ಎಚ್.ಡಿ. ಕೋಟೆ ಕಡೆಯ ಹಳೆಯ ಸೂಲಗಿತ್ತಿಯರು ಈ ಗಳಿಗೆಯಲ್ಲಿ ಬಳಸುವ, ‘ಬೇಡ’ ಇಲ್ಲದ ಒಂದೇ ಪದ ಯಾರಿಗಾದರೂ ಗೊತ್ತೆ?