ಆ ಸ್ಟೀಲ್ ತಂತಿ ಹಾಕಬೇಡ, ತಮ್ಮಾ

ತಮ್ಮಾ, ಮೊದಲು ಒಂದು ಮಾತು. ಆ ಪ್ಯಾಕೆಟ್ ಒಡೆಯಬೇಡ. ಒಡೆದಿದ್ದರೂ ಪರವಾಗಿಲ್ಲ, ಗಿಟಾರಿಗೆ ಮಾತ್ರ ಹಾಕಬೇಡ. ರಾತ್ರಿ ನೀನು ಗ್ರೂಪಿನಲ್ಲಿ ಎರಡು ಫೋಟೋ ಹಾಕಿ "ಕಾಕಾ, ಒಂದು ತಂತಿ ಹರಿದಿದೆ, ಅಪ್ಪ ಹೊಸ ಸೆಟ್ ತಂದಿದ್ದಾರೆ, ಮನೆಯಲ್ಲೇ ಹಾಕಬಹುದಾ" ಅಂತ ಕೇಳಿದ್ದೆ. ನಾನು ಈಗಷ್ಟೇ ನೋಡಿದೆ. ಮನೆಯಲ್ಲಿ ಖಂಡಿತ ಹಾಕಬಹುದು. ಆದರೆ ಆ ತಂತಿ ಆ ಗಿಟಾರಿನದಲ್ಲ. ಮಾತಾಡಿ ಕಳಿಸೋಣ ಅಂದುಕೊಂಡಿದ್ದೆ, ಆದರೆ ಕೆಲಸ ಮಾಡುವಾಗ ನೀನು ಮತ್ತೆ ಮತ್ತೆ ನೋಡಬೇಕಾಗುತ್ತೆ, ಅದಕ್ಕೇ ಮಾತಾಡಿದ ಹಾಗೆಯೇ ಬರೆದುಬಿಡುತ್ತೇನೆ, ಉದ್ದ ಆಗುತ್ತೆ, ಪೂರ್ತಿ ಓದು.

ಪ್ಯಾಕೆಟ್ ಮೇಲೆ ಫಾಸ್ಫರ್ ಬ್ರಾಂಜ್, 12-53 ಅಂತ ಇದೆ. ಬ್ರಾಂಜ್ ಅಂದರೆ ದಪ್ಪ ತಂತಿಗಳ ಸ್ಟೀಲ್ ಎಳೆಯ ಮೇಲೆ ಸುತ್ತಿದ ಕಂಚು, 12-53 ಅಂದರೆ ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ. ಅದು ಸ್ಟೀಲ್ ತಂತಿಯ ಅಕೌಸ್ಟಿಕ್ ಗಿಟಾರಿನ ಸೆಟ್. ನಿನ್ನ ಹತ್ತಿರ ಇರುವುದು ಕ್ಲಾಸಿಕಲ್ ಗಿಟಾರ್. ಅದರ ತಲೆಯಲ್ಲಿ ಎರಡು ಉದ್ದ ಸೀಳು ಇವೆ ನೋಡು. ಕುತ್ತಿಗೆ ಅಗಲ. ಕೆಳಗೆ ಬ್ರಿಡ್ಜಿನಲ್ಲಿ, ಅಂದರೆ ನಮ್ಮ ತಂಬೂರಿಯಲ್ಲಿ ಕುದುರೆ ಅನ್ನುತ್ತೇವಲ್ಲ ಆ ಜಾಗದಲ್ಲಿ, ಪಿನ್ ಇಲ್ಲ, ತಂತಿಯನ್ನು ಗಂಟು ಹಾಕಿ ಕಟ್ಟಿದೆ. ಸಣ್ಣ ಮೂರು ತಂತಿ ಮೀನಿನ ಗಾಳದ ದಾರದ ಹಾಗೆ ಕಾಣುತ್ತವೆ. ಅವು ನೈಲಾನ್. ಮೊದಲೆಲ್ಲ ಪ್ರಾಣಿಗಳ ಕರುಳಿನಿಂದ ಈ ತಂತಿ ಮಾಡುತ್ತಿದ್ದರು. 1940ರ ದಶಕದಲ್ಲಿ ಯುದ್ಧದಿಂದಾಗಿ ಅದು ಸಿಗುವುದು ಕಷ್ಟ ಆದಾಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟಿನ್ ನೈಲಾನಿನಲ್ಲಿ ಮಾಡಿದರು, ಆಂಡ್ರೆಸ್ ಸೆಗೋವಿಯಾ ಅಂಥ ದೊಡ್ಡ ಕಲಾವಿದರೇ ಅದನ್ನು ಒಪ್ಪಿ ನುಡಿಸಿದರು. ದಪ್ಪ ಮೂರು ತಂತಿ ಮಾತ್ರ ಲೋಹದ ಹಾಗೆ ಹೊಳೆಯುತ್ತವೆ, ಮೋಸ ಹೋಗುವುದು ಅಲ್ಲೇ. ಅದರ ಒಳಗೆ ಇರುವುದು ನೈಲಾನಿನ ಎಳೆಗಳು, ಮೇಲೆ ಬೆಳ್ಳಿ ಲೇಪದ ತಾಮ್ರ ಸುತ್ತಿದ್ದಾರೆ ಅಷ್ಟೇ. ಅಣ್ಣಾ, ನೀನೂ ಓದುತ್ತಿರುತ್ತೀಯ, ಬೇಜಾರು ಮಾಡಿಕೊಳ್ಳಬೇಡ, ಅಂಗಡಿಯಲ್ಲಿ ಸುಮ್ನೆ "ಗಿಟಾರ್ ತಂತಿ ಕೊಡಿ" ಅಂದರೆ ಸಾಮಾನ್ಯವಾಗಿ ಇದನ್ನೇ ಕೊಡುತ್ತಾರೆ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಆರು ನೈಲಾನ್ ತಂತಿ ಶ್ರುತಿಗೆ ಬಂದಾಗ ಒಟ್ಟು ಎಳೆತ ಸುಮಾರು 40 ಕೆಜಿ. ಈ 12-53 ಸ್ಟೀಲ್ ಸೆಟ್ಟಿನದು 70 ಕೆಜಿಗೂ ಜಾಸ್ತಿ. ನಿಮ್ಮ ಪಡಸಾಲೆಯಲ್ಲಿರುವ 50 ಕೆಜಿ ಜೋಳದ ಚೀಲ ಎತ್ತಿದ್ದೀಯಲ್ಲ, ಅದಕ್ಕಿಂತ ಭಾರ, ಹಗಲೂ ರಾತ್ರಿ ಒಂದು ತೆಳು ಹಲಗೆಯನ್ನು ಎಳೆಯುತ್ತಾ ಇರುತ್ತೆ. ಕ್ಲಾಸಿಕಲ್ ಗಿಟಾರಿನ ಹಲಗೆ ಆ ಎಳೆತಕ್ಕೆ ಮಾಡಿದ್ದಲ್ಲ. ಫೋಟೋದಲ್ಲಿ ಬ್ರಿಡ್ಜಿನ ಎಡಗಡೆ ಒಂದು ಕಪ್ಪು ಗೆರೆ ಕಾಣುತ್ತೆ ಅಲ್ವಾ? ಅದು ನಾನು ಮಾಡಿದ್ದು. ಆ ಗಿಟಾರು ನಿನ್ನ ಅಪ್ಪನಿಗೆ ಕೊಡುವ ಮೊದಲು ನನ್ನದೇ ಆಗಿತ್ತು. ಬೆಳಗಾವಿಯಲ್ಲಿ ಕಾಲೇಜು ಓದುವಾಗ ಅಂಗಡಿಯವರು ಕೊಟ್ಟ ಸ್ಟೀಲ್ ತಂತಿ ಹಾಕಿದೆ. ಎರಡು ದಿನ ಜೋರಾದ ದನಿ ಬಂತು, ಖುಷಿಯಲ್ಲಿ ಎಲ್ಲರಿಗೂ ಕೇಳಿಸಿದೆ. ಮೂರನೇ ದಿನ ಮಧ್ಯಾಹ್ನ ಪಕ್ಕದ ಕೋಣೆಯಿಂದ ಠಪ್ ಅಂತ ಸದ್ದು. ಓಡಿ ಹೋಗಿ ನೋಡಿದರೆ ಬ್ರಿಡ್ಜ್ ಮರದ ಸಿಬಿರು ಸಮೇತ ಎದ್ದು ಬಂದಿತ್ತು. ಅವತ್ತು ನಾನು ಅತ್ತಿದ್ದೇನೆ. ಅಂಟು ಹಾಕಿಸಿ ಸರಿ ಮಾಡಿಸಿದೆವು, ಅದೇ ಬ್ರಿಡ್ಜ್ ಈಗಲೂ ನಿಂತಿದೆ. ಮತ್ತೊಮ್ಮೆ ಅದೇ ಪೆಟ್ಟು ತಡೆಯುವುದಿಲ್ಲ.

ನಿನ್ನ ಮುತ್ಯಾ ತಂಬೂರಿಗೆ ಮೀರಜ್‌ನಿಂದ ತಂತಿ ತರಿಸುತ್ತಿದ್ದರು. ಮಧ್ಯದ ಜೋಡಿನ ಎರಡು ಉಕ್ಕಿನವು, ಖರಜದ್ದು, ಅಂದರೆ ಕೆಳಗಿನ ಸಾ ನುಡಿಯುವ ದಪ್ಪ ತಂತಿ, ಹಿತ್ತಾಳೆಯದು. ಒಂದೊಂದನ್ನೂ ಬೆರಳಲ್ಲಿ ಉಜ್ಜಿ ನೋಡಿ ಆಮೇಲೆ ಬಿರಡೆಗೆ ಸುತ್ತುತ್ತಿದ್ದರು. ನಾನು ಪಕ್ಕದಲ್ಲೇ ಕೂತು ನೋಡಿದ್ದೆ, ಆದರೂ ಗಿಟಾರಿಗೆ ಹಾಕುವಾಗ ಅದು ನೆನಪಾಗಲಿಲ್ಲ.

ಈಗ ನೈಲಾನ್ ಕಟ್ಟುವುದು. ಎಲ್ಲ ತಂತಿ ಒಟ್ಟಿಗೆ ಬಿಚ್ಚಬೇಡ, ಒಂದು ಬಿಚ್ಚು, ಒಂದು ಹಾಕು. ಆಗ ಪಕ್ಕದ ಗಂಟು ನೋಡಿಕೊಂಡು ಕಟ್ಟಬಹುದು, ಕುತ್ತಿಗೆಯ ಮೇಲಿನ ಎಳೆತವೂ ಒಮ್ಮೆಲೇ ಹೋಗುವುದಿಲ್ಲ. ಬ್ರಿಡ್ಜಿನ ಹಿಂದೆ ಹಲಗೆಯ ಮೇಲೆ ಒಂದು ರಟ್ಟು ಇಡು, ಯಾಕಂದರೆ ಗಂಟು ಜಾರಿದರೆ ತಂತಿಯ ತುದಿ ಚಾಟಿಯ ಹಾಗೆ ಹೊಡೆದು ಮರದಲ್ಲಿ ಗುಳಿ ಮಾಡುತ್ತೆ. ತಂತಿಯನ್ನು ಮಧ್ಯದ ದೊಡ್ಡ ತೂತಿನ ಕಡೆಯಿಂದ ಬ್ರಿಡ್ಜಿನ ತೂತಿಗೆ ತೂರಿಸಿ ಹಿಂದಿನಿಂದ ಅರ್ಧ ಗೇಣು ಎಳೆದುಕೋ. ಆ ತುದಿಯನ್ನು ಬ್ರಿಡ್ಜಿನ ಮೇಲಿಂದ ಮುಂದಕ್ಕೆ ತಂದು, ಅದೇ ತಂತಿಯ ಅಡಿಯಿಂದ ಹಾಯಿಸಿ, ವಾಪಸ್ ಹಿಂದಕ್ಕೆ ತಂದು, ಮೇಲೆ ಆದ ಕುಣಿಕೆಯ ಕೆಳಗೆ ಸಿಕ್ಕಿಸು. ದಪ್ಪ ತಂತಿಗೆ ಒಂದು ಸಲ ಸಿಕ್ಕಿಸಿದರೆ ಸಾಕು. ಸಣ್ಣ ಮೂರು ನುಣುಪು, ಜಾರುತ್ತವೆ, ಅವಕ್ಕೆ ಎರಡು ಮೂರು ಸಲ. ಮುಖ್ಯ ಏನಂದರೆ ಕೊನೆಯ ಸಿಕ್ಕು ಬ್ರಿಡ್ಜಿನ ಹಿಂದಿನ ಅಂಚು ದಾಟಿ ಕೆಳಗೆ ಕೂರಬೇಕು, ಮೇಲೆಯೇ ಉಳಿದರೆ ಬಿಚ್ಚಿಕೊಳ್ಳುತ್ತೆ. ಕೈಯಿಂದ ಗಟ್ಟಿಯಾಗಿ ಎಳೆದು ನೋಡಿ ಆಮೇಲೆ ತಲೆಯ ಕಡೆ ಹೋಗು. ಅಲ್ಲಿ ಉರುಳೆಯ ತೂತಿಗೆ ಹಾಕಿ, ತುದಿಯನ್ನು ತಂತಿಗೇ ಒಂದು ಸುತ್ತು ಸುತ್ತಿ, ಕೀ ತಿರುಗಿಸು.

ಹೊಸ ನೈಲಾನ್ ಹಿಗ್ಗುತ್ತೆ. ಶ್ರುತಿ ಮಾಡಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಇಳಿದಿರುತ್ತೆ. ನಾಲ್ಕೈದು ದಿನ ಹಾಗೇ ಆಗುತ್ತೆ, ತಂತಿ ಕೆಟ್ಟಿದೆ ಅಂತ ಹೆದರಬೇಡ, ದಿನಕ್ಕೆ ಮೂರು ನಾಲ್ಕು ಸಲ ಏರಿಸುತ್ತಿರು. ಮೊಬೈಲಿನ ಟ್ಯೂನರಿನಲ್ಲಿ, ಅಂದರೆ ಶ್ರುತಿ ತೋರಿಸುವ ಆ್ಯಪಿನಲ್ಲಿ, ಅತಿ ದಪ್ಪ ತಂತಿಗೂ ಇ (E) ಸ್ವರ ಅಂತಲೇ ತೋರಿಸುತ್ತೆ, ಅತಿ ಸಣ್ಣ ತಂತಿಗೂ ಇ ಅಂತಲೇ ತೋರಿಸುತ್ತೆ. ದಪ್ಪದ್ದು ಸುಮಾರು 82 ಹರ್ಟ್ಜ್, ಸಣ್ಣದ್ದು 330. ಇ ಬಂತು, ಸಾಲದು, ಇನ್ನೊಂದು ಇ ತನಕ ಹೋಗೋಣ ಅಂತ ತಿರುಗಿಸುತ್ತಾ ಹೋದರೆ ಹೊಸ ತಂತಿ ಅಲ್ಲೇ ಹರಿಯುತ್ತೆ. ನಿಧಾನ, ಕಿವಿ ಕೊಟ್ಟು ತಿರುಗಿಸು.

ಬಾಗಲಕೋಟೆಯ ಪುಟ್ಟಿ, ನೀನೂ ಗ್ರೂಪಿನಲ್ಲಿ ಓದುತ್ತಿರುತ್ತೀಯ, ಇದು ನಿನಗೆ. ನಿನ್ನದು ಸ್ಟೀಲ್ ಅಕೌಸ್ಟಿಕ್, ಈ 12-53 ನಿನಗೆ ಸರಿಹೋಗುತ್ತೆ. ಮೊದಲು ತಂತಿ ಪೂರ್ತಿ ಸಡಿಲ ಮಾಡಿಯೇ ಕತ್ತರಿಸು, ಬಿಗಿ ಇದ್ದಾಗ ಕತ್ತರಿಸಿದರೆ ಕಣ್ಣಿಗೆ ಹಾರುತ್ತೆ. ಬ್ರಿಡ್ಜಿನ ಪಿನ್ ಬರದಿದ್ದರೆ ಪಕ್ಕಡ ಹಾಕಬೇಡ, ಮಧ್ಯದ ತೂತಿನಲ್ಲಿ ಕೈ ಹಾಕಿ ಒಳಗಿನಿಂದ ಚಮಚದ ಹಿಡಿಯಿಂದ ಮೇಲಕ್ಕೆ ಒತ್ತು. ಹೊಸ ತಂತಿಯ ಗುಂಡು ತುದಿಯನ್ನು ತೂತಿಗೆ ಬಿಟ್ಟು, ಪಿನ್ನಿನ ಗೀರು ತಂತಿಯ ಕಡೆ ಬರುವ ಹಾಗೆ ಒತ್ತಿ, ತಂತಿಯನ್ನು ಮೇಲಕ್ಕೆ ಎಳೆ. ಗುಂಡು ಒಳಗಿನ ಮರಕ್ಕೆ ಕೂತ ಹಾಗೆ ಕೈಗೆ ಗೊತ್ತಾಗುತ್ತೆ. ಮೇಲೆ ಎರಡು ಇಂಚು ಸಡಿಲ ಬಿಟ್ಟು ಸುತ್ತು, ಸುತ್ತುಗಳು ಒಂದರ ಕೆಳಗೆ ಒಂದು ಇಳಿಯಬೇಕು.

ನಿನ್ನ ಎಲೆಕ್ಟ್ರಿಕ್ ಗಿಟಾರಿಗೆ ಮಾತ್ರ ಇದನ್ನು ಹಾಕಬೇಡ. ಅದರ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಭಾಗ, ಅಯಸ್ಕಾಂತದ್ದು, ಬ್ರಾಂಜ್ ಸುತ್ತಿದ ತಂತಿಯ ದನಿ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ನಿಕಲ್ ಇರುವ 9-42 ಸೆಟ್ ತಗೋ. ನಿನ್ನ ಬ್ರಿಡ್ಜ್ ಸ್ಪ್ರಿಂಗಿನ ಮೇಲೆ ತೇಲುವಂಥದ್ದು, ಎಲ್ಲ ತಂತಿ ತೆಗೆದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆದುಬಿಡುತ್ತೆ, ಅಲ್ಲೂ ಒಂದೊಂದೇ ಬದಲಾಯಿಸು.

ನುಡಿಸಿದ ಮೇಲೆ ಇಬ್ಬರೂ ಹಳೇ ಧೋತರದ ಬಟ್ಟೆಯಿಂದ ತಂತಿ ಒರೆಸಿ ಇಡಿ. ನಮ್ಮ ಬೆಳಗಾವಿ ಮಳೆಯಲ್ಲಿ ಸ್ಟೀಲಿಗೆ ಬೇಗ ತುಕ್ಕು ಬರುತ್ತೆ, ನಿಮ್ಮ ಕಡೆ ಬೆವರೇ ಸಾಕು.

ತಮ್ಮಾ, ನನ್ನ ಹತ್ತಿರ ಒಂದು ನೈಲಾನ್ ಸೆಟ್ ಇದೆ, ನಾರ್ಮಲ್ ಟೆನ್ಶನ್, ಅಂದರೆ ಸಾಧಾರಣ ಎಳೆತದ್ದು. ಶನಿವಾರ ವೈನಿ ಇಲ್ಲಿಗೆ ಬರುತ್ತಾರಲ್ಲ, ಅವರ ಕೈಯಲ್ಲಿ ಕಳಿಸುತ್ತೇನೆ. ಬರುವಾಗ ಅವರು ಆ ಸ್ಟೀಲ್ ಪ್ಯಾಕೆಟ್ ಬಾಗಲಕೋಟೆಯಲ್ಲಿ ಪುಟ್ಟಿಗೆ ಕೊಟ್ಟು ಬರಲಿ. ಅಲ್ಲಿಯವರೆಗೆ ಉಳಿದ ಐದು ತಂತಿ ಹಾಗೇ ಇರಲಿ. ಭಾನುವಾರ ಸಂಜೆ ವಿಡಿಯೋ ಕಾಲ್ ಮಾಡು, ಮೊದಲ ಗಂಟು ಕಟ್ಟುವಾಗ ನಾನು ನೋಡುತ್ತಿರುತ್ತೇನೆ.