ಆಕಳಿಸಿದಾಗ ಎದ್ದ ಕೈ

ಗುಂಪು: ಹೊಸಮನೆ ಬಳಗ

ರಘು: (ವಿಡಿಯೋ) ಎಲ್ಲರೂ ನೋಡಿ. ಅಣ್ಣ ಆಕಳಿಸುವಾಗ, ಪಾರ್ಶ್ವವಾಯುವಿನಿಂದ ಬಿದ್ದುಹೋಗಿರುವ ಎಡಗೈ ತಾನಾಗಿ ಎದೆಯ ತನಕ ಎದ್ದಿದೆ. ನಾವು ಎತ್ತು ಅಂದರೆ ಮಾತ್ರ ಎತ್ತುವುದಿಲ್ಲ. ಕೈಯಲ್ಲಿ ಬಲ ಇದೆ, ಮನಸ್ಸು ಮಾಡುತ್ತಿಲ್ಲ ಅಷ್ಟೇ.

ಲಲಿತ: ಹೌದು ರಘು. ಮುಷ್ಟಿ ಎಷ್ಟು ಬಿಗಿಯಾಗಿರುತ್ತದೆ! ಬಿಡಿಸುವುದಕ್ಕೇ ಆಗುವುದಿಲ್ಲ. ಬಲ ಇಲ್ಲದೆ ಹಾಗಾಗುತ್ತದಾ?

ಮಹೇಶ: ಚಿಕ್ಕಪ್ಪ, ಅಪ್ಪನೂ ಈ ಗುಂಪಿನಲ್ಲಿದ್ದಾರೆ. ಎಲ್ಲಾ ಓದುತ್ತಾರೆ.

ರಘು: ಓದಲಿ. ಅಣ್ಣ ಮೊದಲಿನ ಹಾಗೆ ಓಡಾಡಲಿ ಅನ್ನುವ ಆಸೆಯಿಂದಲೇ ಹೇಳುತ್ತಿದ್ದೇನೆ. ಸುಮ್ನೆ ಮುದ್ದು ಮಾಡಿ ಕೂರಿಸಿದರೆ ಕೈ ಹಾಗೇ ಉಳಿದುಬಿಡುತ್ತದೆ.

ಪಲ್ಲವಿ: ಚಿಕ್ಕಪ್ಪ, ದಿನಾ ಇಂಥ ರೋಗಿಗಳನ್ನು ನೋಡುತ್ತೇನೆ. ದಯವಿಟ್ಟು ದೊಡ್ಡಪ್ಪನಿಗೆ ಮನಸ್ಸಿಲ್ಲ ಅನ್ನಬೇಡಿ. ಮನಸ್ಸು ಇದೆ. ಅದು ಕೈಗೆ ಇಳಿದು ಬರುವ ದಾರಿ ಕಡಿದಿದೆ.

ಪಲ್ಲವಿ: ನಾವು ಬೇಕೆಂದು ಕೈ ಎತ್ತಿದಾಗ ಮೆದುಳಿನ ಮೇಲ್ಪದರದಿಂದ ಆಜ್ಞೆ ಹೊರಡುತ್ತದೆ. ಒಂದೊಂದು ಬದಿಯಿಂದ ಸುಮಾರು 10 ಲಕ್ಷ ನರತಂತುಗಳು ಬೆನ್ನುಹುರಿಯ ಕಡೆ ಇಳಿಯುತ್ತವೆ. ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುವ ಹತ್ತಿರ ಅವುಗಳಲ್ಲಿ ಹೆಚ್ಚಿನವು, 100ಕ್ಕೆ 85–90ರಷ್ಟು, ಆಚೆ ಬದಿಗೆ ದಾಟುತ್ತವೆ. ಅದಕ್ಕೇ ಬಲ ಮೆದುಳಿಗೆ ಪೆಟ್ಟಾದರೆ ಎಡಗೈ ಹೋಗುವುದು. ದೊಡ್ಡಪ್ಪನ ಸ್ಕ್ಯಾನ್‌ನಲ್ಲಿ ಗಾಯ ಇರುವುದು ಇಂಟರ್ನಲ್ ಕ್ಯಾಪ್ಸೂಲ್‌ನಲ್ಲಿ. ಅದು ಮೆದುಳಿನ ಆಳದಲ್ಲಿರುವ ತುಂಬಾ ಇಕ್ಕಟ್ಟಾದ ಜಾಗ. ಮುಖ, ಕೈ, ಕಾಲು, ಎಲ್ಲದರ ತಂತುಗಳೂ ಅಲ್ಲೇ ಒತ್ತಾಗಿ ಹಾಯುತ್ತವೆ. ಚಿಕ್ಕ ಗಾಯ ಸಾಕು, ಒಂದು ಇಡೀ ಬದಿ ಬಿದ್ದುಹೋಗುತ್ತದೆ.

ರಘು: ಸರಿ, ದಾರಿ ಕಡಿದಿದೆ. ಹಾಗಾದರೆ ಆಕಳಿಸಿದಾಗ ಯಾವ ದಾರಿಯಲ್ಲಿ ಎದ್ದಿತು?

ಪಲ್ಲವಿ: ಬೇರೆ ದಾರಿಯಲ್ಲಿ! ಆಕಳಿಕೆ ನಾವು ಬೇಕೆಂದು ಮಾಡುವುದಲ್ಲ, ಅಲ್ವಾ? ಅದು ಹುಟ್ಟುವುದು ಕೆಳಗೆ, ಮೆದುಳಿನ ಕಾಂಡದಲ್ಲಿ. ಅಲ್ಲಿಂದಲೂ ಬೆನ್ನುಹುರಿಗೆ ಹಳೆಯ ದಾರಿಗಳಿವೆ. ನಿಲ್ಲುವುದು, ಮೈ ತೂಗಿಸಿಕೊಳ್ಳುವುದು, ನಡಿಗೆ, ಇವುಗಳಿಗೆಲ್ಲ ಅವು ಬೇಕು. ಆ ದಾರಿಗಳು ಉಳಿದಿವೆ. ಪಾರ್ಶ್ವವಾಯು ಆದವರಲ್ಲಿ ಆಕಳಿಸುವಾಗ ಹೀಗೆ ಕೈ ಏಳುವುದನ್ನು ವೈದ್ಯರು ಬಹಳ ಹಿಂದೆಯೇ ಕಂಡಿದ್ದಾರೆ. 2005ರಲ್ಲಿ ಫ್ರಾನ್ಸಿನ ವೈದ್ಯರು ಅದಕ್ಕೊಂದು ಹೆಸರನ್ನೂ ಇಟ್ಟರು. ದೊಡ್ಡಪ್ಪ ಅದನ್ನು ಮಾಡುತ್ತಿಲ್ಲ, ತಡೆಯುವುದಕ್ಕೂ ಅವರಿಂದ ಆಗುವುದಿಲ್ಲ.

ಮಹೇಶ: ನಗುವಾಗಲೂ ಹಾಗೇ. ಹಲ್ಲು ತೋರಿಸಿ ಅಂದರೆ ಬಾಯಿ ಒಂದು ಕಡೆಗೆ ಎಳೆಯುತ್ತದೆ. ಪಾಪು ಏನಾದರೂ ಹೇಳಿದಾಗ ನಕ್ಕರೆ ಎರಡೂ ಕಡೆ ಸರಿಯಾಗಿ ಅರಳುತ್ತದೆ.

ಪಲ್ಲವಿ: ಅದೇ ಮಹೇಶಣ್ಣ. ತಾನಾಗಿ ಬರುವ ನಗುವಿನ ದಾರಿಯೂ ಬೇರೆ.

ಲಲಿತ: ಮುಷ್ಟಿಯ ಬಗ್ಗೆ ಹೇಳಲಿಲ್ಲ ನೀನು.

ಪಲ್ಲವಿ: ಅತ್ತೆ, ಆ ಬಿಗಿ ಬಲವಲ್ಲ. ಮೇಲಿನಿಂದ ಬರುವ ದಾರಿಗಳು ಸ್ನಾಯುವನ್ನು ಎಬ್ಬಿಸುವುದಷ್ಟೇ ಅಲ್ಲ, ಹಿಡಿತದಲ್ಲೂ ಇಡುತ್ತವೆ. ಆ ಹಿಡಿತ ತಪ್ಪಿದರೆ ಬೆನ್ನುಹುರಿ ತನ್ನಷ್ಟಕ್ಕೆ ಸ್ನಾಯುವನ್ನು ಬಿಗಿಯುತ್ತದೆ. ಜೋರಾಗಿ ಎಳೆದರೆ ಇನ್ನೂ ಬಿಗಿಯುತ್ತದೆ. ನಿಧಾನಕ್ಕೆ ಬಿಡಿಸಿ.

ರಘು: ಕಾಲು ಬಂತಲ್ಲ ಪಲ್ಲವಿ! ಕೋಲು ಹಿಡಿದು ಅಂಗಳದ ತನಕ ಬರುತ್ತಾರೆ. ಬೆರಳು ಯಾಕೆ ಬರುವುದಿಲ್ಲ?

ಪಲ್ಲವಿ: ಒಂದೊಂದೇ ಬೆರಳು ಬೇರೆ ಬೇರೆಯಾಗಿ ಆಡುವುದಕ್ಕೆ ಕಡಿದುಹೋದ ಆ ದಾರಿಯೇ ಬೇಕು. 1968ರಲ್ಲಿ ಲಾರೆನ್ಸ್ ಮತ್ತು ಕೈಪರ್ಸ್ ಎಂಬ ವಿಜ್ಞಾನಿಗಳು ಕೋತಿಗಳಲ್ಲಿ ಆ ದಾರಿಯನ್ನು ಮಾತ್ರ ಕಡಿದು ನೋಡಿದರು. ಕೋತಿಗಳು ಚೇತರಿಸಿಕೊಂಡು ನಡೆದವು, ಹತ್ತಿದವು. ಸಣ್ಣ ಗುಳಿಯೊಳಗಿನ ತಿನಿಸನ್ನು ಬೆರಳ ತುದಿಯಲ್ಲಿ ಎತ್ತಿಕೊಳ್ಳುವುದಕ್ಕೆ ಮಾತ್ರ ಆಗಲಿಲ್ಲ. ದೊಡ್ಡಪ್ಪನಿಗೆ ಅಂಗಿಯ ಗುಂಡಿ ಹಾಕಲು ಆಗದಿರುವುದೂ ಇದೇ ಕಾರಣಕ್ಕೆ.

ರಘು: ಹಾಗಾದರೆ ಪ್ರಯತ್ನವೇ ಬೇಡವಾ?

ಪಲ್ಲವಿ: ಬೇಕು, ಜಾಸ್ತಿಯೇ ಬೇಕು. ಇದರಲ್ಲಿ ನಿಮ್ಮ ಮಾತು ಸರಿ. ಬಳಸದ ಕೈಯನ್ನು ಮೆದುಳೂ ಬಿಟ್ಟುಬಿಡುತ್ತದೆ. ಉಳಿದಿರುವ ತಂತುಗಳು ಕೆಲಸ ಕಲಿಯಬೇಕಾದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ಮೊದಲ ಕೆಲವು ತಿಂಗಳು ತುಂಬಾ ಮುಖ್ಯ. ಆದರೆ ಸೋಮಾರಿ ಅನ್ನಿಸಿಕೊಂಡ ಮನುಷ್ಯ ಅಭ್ಯಾಸಕ್ಕೆ ಕೂರುವುದಿಲ್ಲ ಚಿಕ್ಕಪ್ಪ.

ಲಲಿತ: ಹಿಸುಕುವ ಚೆಂಡು ತಂದಿಟ್ಟಿದ್ದೇನೆ. ಕೊಡಲಾ?

ಪಲ್ಲವಿ: ಬೇಡ ಅತ್ತೆ. ಮುಚ್ಚುವುದು ಆಗಲೇ ಜಾಸ್ತಿ ಇದೆ. ಅವರಿಗೆ ಬೇಕಾಗಿರುವುದು ಬೆರಳು ತೆರೆಯುವ ಅಭ್ಯಾಸ. ಮೇಜಿನ ಮೇಲಿನ ಲೋಟ ಹಿಡಿದು, ಬಿಡಲಿ. ಬಿಡುವುದೇ ಕಷ್ಟ, ಅದಕ್ಕೇ ಜಾಸ್ತಿ ಹೊತ್ತು ಕೊಡಿ.

ರಘು: ವಿಡಿಯೋ ಅಳಿಸಿದ್ದೇನೆ. ಮಹೇಶ, ಭಾನುವಾರ ಬರುತ್ತೇನೆ. ಅಭ್ಯಾಸ ಎಷ್ಟು ಹೊತ್ತಿಗೆ?

ಮಹೇಶ: ಬೆಳಿಗ್ಗೆ ತಿಂಡಿ ಆದ ಮೇಲೆ. ಸಂಜೆ ಹೊತ್ತಿಗೆ ಸುಸ್ತಾಗಿರುತ್ತಾರೆ.